ಮೂರು ತೋಳಿನ ಅಂಗಿಗೆ ಅಳತೆ ಹಿಡಿಯುವ ಪೆನ್ನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಲಸೆ ಕಚೇರಿಯ ದೊಡ್ಡ ಗೇಟಿಗೆ ಬೀಗ ನೇತಾಡುತ್ತಿದೆ. ರಸ್ತೆಯ ಈಚೆ ಬದಿಯಲ್ಲಿ, ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಮಾತ್ರ ಬಲ್ಬು ಹೊತ್ತಿಕೊಂಡಿದೆ. ಈ ಅಂಗಡಿ ಎಷ್ಟು ಚಿಕ್ಕದು ಎಂದರೆ, ಒಳಗೆ ಕೂತವರಿಗೆ ಸೀನು ಬಂದರೆ ಹೊರಗೆ ಬಂದು ಸೀನಿ ಮತ್ತೆ ಒಳಗೆ ಹೋಗಬೇಕು. ಒಂದು ಹೊಲಿಗೆ ಮಷಿನ್ನು, ಒಂದು ಇಸ್ತ್ರಿಪೆಟ್ಟಿಗೆ, ಗೋಡೆ ತುಂಬ ಬಣ್ಣಬಣ್ಣದ ದಾರದ ರೀಲುಗಳು. ಇವುಗಳ ನಡುವೆ ಪೆನ್ನಕ್ಕ. ಕೊರಳಲ್ಲಿ ಅಳತೆಯ ಟೇಪು, ತುರುಬಿನಲ್ಲಿ ಎರಡು ಪೆನ್ನು.

ಪೆನ್ನಕ್ಕ ಮಷಿನ್ನಿನ ತಲೆ ಬಗ್ಗಿಸಿ ಅದರ ಹೊಟ್ಟೆಯೊಳಕ್ಕೇ ಮಡಚಿಡುತ್ತಾರೆ. ಮೇಲೆ ಹಲಗೆ ಮುಚ್ಚುತ್ತಾರೆ. ಅಲ್ಲಿಗೆ ಟೈಲರ್ ಅಂಗಡಿ ಹೋಯಿತು, ಅರ್ಜಿ ಬರೆಯುವ ಆಫೀಸು ಬಂತು. ಆಮೇಲೆ ಒಳಗಿಂದ ಒಂದು ಮರದ ಬೆಂಚನ್ನು ದರದರ ಎಳೆದು ಫುಟ್‌ಪಾತಿಗೆ ತರುತ್ತಾರೆ. ಅದರ ಒಂದು ಕಾಲು ಗಿಡ್ಡ. ರಟ್ಟಿನ ತುಂಡು ಮಡಚಿ ಆ ಕಾಲಿಗೆ ಕೊಟ್ಟು, ತಾವೇ ಒಮ್ಮೆ ಕೂತು, ಅಲ್ಲಾಡಿ ನೋಡುತ್ತಾರೆ.

"ಬೆಂಚು ಮೊದಲು, ಪೆನ್ನು ಆಮೇಲೆ. ಕೂತ ಜಾಗ ಅಲ್ಲಾಡ್ತಾ ಇದ್ರೆ ಜನ ತಮ್ಮ ಅಪ್ಪನ ಹೆಸರನ್ನೂ ಮರೀತಾರೆ," ಎನ್ನುತ್ತಾರೆ.

ಗೇಟಿನ ಮುಂದೆ ಆಗಲೇ ಸಾಲು ಬೆಳೆಯುತ್ತಿದೆ. ಈ ಸಾಲಿನ ಬಗ್ಗೆ ಬೀದಿಯವರು ಕಟ್ಟುವ ಕತೆಗಳಿಗೆ ಲೆಕ್ಕವಿಲ್ಲ. ಒಬ್ಬ ನುಣ್ಣಗೆ ಗಡ್ಡ ಬೋಳಿಸಿಕೊಂಡು ಸಾಲಿನ ಕೊನೆಗೆ ನಿಂತನಂತೆ. ಕಿಟಕಿ ಮುಟ್ಟುವ ಹೊತ್ತಿಗೆ ಗಡ್ಡ ಎದೆಗಿಳಿದು, ಫೋಟೊದಲ್ಲಿರೋದು ನೀನಲ್ಲ ಎಂದು ವಾಪಸು ಕಳಿಸಿದರಂತೆ. ಒಂದು ಗಂಡು ಒಂದು ಹೆಣ್ಣು ಇದೇ ಸಾಲಿನಲ್ಲಿ ಪರಿಚಯವಾಗಿ, ಸಾಲಿನಲ್ಲೇ ಜಗಳವಾಡಿ, ಸಾಲಿನಲ್ಲೇ ರಾಜಿಯಾಗಿ, ಕಿಟಕಿಗೆ ಬಂದಾಗ ಗಂಡಹೆಂಡಿರ ಅರ್ಜಿ ಕೇಳಿದರಂತೆ.

"ಗಡ್ಡದ ಕತೆ ಶುದ್ಧ ಸುಳ್ಳು," ಪೆನ್ನಕ್ಕ ತಲೆ ಅಲ್ಲಾಡಿಸುತ್ತಾರೆ. "ಜೋಡಿ ಕತೆ ನಿಜ. ಅರ್ಜಿ ಬರೆದವಳೇ ನಾನು."

ಪೆನ್ನಕ್ಕನ ಹತ್ತಿರ ಬರುವವರು ಹೆಚ್ಚಾಗಿ ಒಂದೇ ಹೆಸರಿನ ಜನ. ಹುಟ್ಟಿದಾಗ ಇಟ್ಟ ಒಂದು ಹೆಸರಿನಲ್ಲೇ ಆಡಿ, ಬೆಳೆದು, ಸಂಸಾರ ಹೂಡಿ, ಯಾರಿಗೂ ಒಂದು ದಿನವೂ ಗೊಂದಲ ಮಾಡದೆ ಬದುಕಿದವರು. ತುಂಬ ಒತ್ತಾಯ ಮಾಡಿದರೆ ಇಂಥವರ ಮಗ, ಇಂಥವರ ಮಗಳು ಎಂದು ಅಪ್ಪನ ಹೆಸರು ಸೇರಿಸುತ್ತಾರೆ. ಮನೆತನಕ್ಕೊಂದು ಹೆಸರು, ಅಜ್ಜನಿಂದ ಮೊಮ್ಮಗನವರೆಗೆ ಒಂದೇ ಬಾಲ, ಅದೆಲ್ಲ ಅವರ ಕಡೆ ಇಲ್ಲವೇ ಇಲ್ಲ. ಈ ಕಚೇರಿಯ ಅರ್ಜಿಗೋ ಎರಡು ಖಾನೆ. ಒಂದರಲ್ಲಿ ನಿಮ್ಮ ಹೆಸರು, ಇನ್ನೊಂದರಲ್ಲಿ ಸರ್‌ನೇಮು. ಎರಡನೆಯದು ಖಾಲಿ ಇದ್ದರೆ ಕಂಪ್ಯೂಟರು ಅರ್ಜಿಯನ್ನು ಬಾಯಿಗೇ ಹಾಕಿಕೊಳ್ಳುವುದಿಲ್ಲ.

"ಇದು ಮೂರು ತೋಳಿನ ಅಂಗಿ," ಎನ್ನುತ್ತಾರೆ ಪೆನ್ನಕ್ಕ, ಟೇಪನ್ನು ಕೊರಳಿಂದ ತೆಗೆದು ಅರ್ಜಿಯ ಮೇಲೆ ಹಾಸುತ್ತ. "ಇವರಿಗೆ ಇರೋದೇ ಎರಡು ಕೈ. ಮೂರನೇ ತೋಳಿಗೆ ಏನು ತುರುಕೋದು ಅಂತ ಹೆದರಿಕೊಂಡು ಬರ್ತಾರೆ. ನಾನು ಹೇಳೋದು ಇಷ್ಟೇ, ನಿಮ್ಮ ಮೈಯಲ್ಲಿ ಏನೂ ಕಮ್ಮಿ ಇಲ್ಲಪ್ಪ, ಅಂಗಿ ಹೊಲಿದವನಿಗೆ ನಿಮ್ಮ ಅಳತೆ ಗೊತ್ತಿರಲಿಲ್ಲ."

ಅಷ್ಟರಲ್ಲಿ ರಸ್ತೆ ದಾಟಿಕೊಂಡು ಒಬ್ಬ ಓಡಿ ಬರುತ್ತಾನೆ. ಹುಬ್ಬಿನ ಮೇಲೆಲ್ಲ ಮೈದಾ ಹಿಟ್ಟು, ಕಂಕುಳಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ. ಮೂಲೆಯ ಬೇಕರಿಯಲ್ಲಿ ಭಟ್ಟಿ ನೋಡಿಕೊಳ್ಳುವ ಇವನನ್ನು ಬೀದಿ ಬ್ರೆಡ್ಡಣ್ಣ ಎಂದು ಕರೆಯುತ್ತದೆ. ಬೀದಿಗೆಲ್ಲ ಅಜ್ಜಿಯಾದ ಅವನ ತಾಯಿಗೆ ಇಲ್ಲಿ ಇರಲು ಕೊಟ್ಟ ಪರ್ಮಿಟ್ಟಿನ ಕೊನೆಯ ದಿನ ಇವತ್ತು. ಪರ್ಮಿಟ್ಟು ಮುಂದುವರಿಯದಿದ್ದರೆ ಅಜ್ಜಿ ವಾರದೊಳಗೆ ವಿಮಾನ ಹತ್ತಬೇಕು. ಮನೆಯಲ್ಲಿರುವ ನಾಲ್ಕು ಜನಕ್ಕೆ ನಾಲ್ಕು ಸರ್‌ನೇಮು ಇದೆ, ಇದು ಒಂದು ಕುಟುಂಬ ಅಂತ ನಂಬೋದು ಹೇಗೆ, ಕಾಗದಗಳು ಒಂದಕ್ಕೊಂದು ಹೊಂದುವಂತೆ ಮಾಡಿಕೊಂಡು ಬನ್ನಿ ಎಂದು ಮೂರನೇ ಕಿಟಕಿಯ ಮೇಡಂ ಕಳೆದ ಬಾರಿ ಹೇಳಿ ಕಳಿಸಿದ್ದರು.

"ಅಕ್ಕಾ, ಮಾಡಿಬಿಟ್ಟೆ!" ಬ್ರೆಡ್ಡಣ್ಣ ಬ್ರೆಡ್ಡಿನ ಕೆಳಗಿಂದ ಒಂದು ಕಾಗದ ಎಳೆಯುತ್ತಾನೆ. "ಹೆಸರು ಬದಲಾವಣೆ. ಸೀಲು, ಸಹಿ ಎಲ್ಲ ಬಿದ್ದಿದೆ. ಮನೇಲಿ ಯಾರಿಗೂ ಹೇಳಿಲ್ಲ, ಇವತ್ತು ಹೇಳಿ ಖುಷಿಪಡಿಸೋಣ ಅಂತ."

ಪೆನ್ನಕ್ಕನ ಮುಖದ ನಗು ಅರ್ಧಕ್ಕೆ ನಿಲ್ಲುತ್ತದೆ. "ಎಲ್ಲಿ ಬರೆಸಿದೆ?"

"ಕಚೇರಿ ಗೋಡೆ ಹತ್ತಿರ ಅರ್ಜಿ ಬರೆಯೋಕೆ ಕೂರ್ತಾರಲ್ಲ, ಅವರ ಹತ್ರ. ನಿನ್ನ ಹತ್ರ ಬಂದ್ರೆ ಮನೆಮಂದಿ ಎಲ್ಲ ಬರಬೇಕು ಅಂತೀಯ. ಆಮೇಲೆ ಗುಟ್ಟು ಎಲ್ಲಿ ಉಳಿಯುತ್ತೆ?"

"ತಮ್ಮಾ, ಬ್ರೆಡ್ಡು ಇಲ್ಲಿಡು. ಮನೆಗೆ ಓಡು. ಅಜ್ಜೀನ, ಹೆಂಡತೀನ, ಮಗಳನ್ನ, ಮನೇಲಿರೋ ಕಾಗದ ಎಲ್ಲಾನೂ ಹೊತ್ಕೊಂಡು ಬಾ."

"ಎಲ್ಲರೂ ಯಾಕಕ್ಕ? ಒಬ್ಬ ಬದಲಾಯಿಸಿದ್ರೆ..."

"ಓಡು ಅಂದೆ!"

ಬ್ರೆಡ್ಡಣ್ಣ ಓಡುತ್ತಾನೆ. ಅವನು ಹೋದ ದಾರಿಯುದ್ದಕ್ಕೂ ಹಿಟ್ಟಿನ ಹೊಗೆ.

ಮನೆಮಂದಿಯೆಲ್ಲ ಒಟ್ಟಿಗೆ ಬರಬೇಕು ಎಂಬುದು ಪೆನ್ನಕ್ಕನ ಅಂಗಡಿಯ ಒಂದೇ ಕಾನೂನು. ಅವರು ಅರ್ಜಿ ಮುಟ್ಟುವ ಮೊದಲು ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸುತ್ತಾರೆ. ಆಮೇಲೆ ಒಬ್ಬರನ್ನು ಎಬ್ಬಿಸಿ, ಕರೆಂಟು ಕಂಬದ ಹತ್ತಿರ ನಿಲ್ಲಿಸಿ, ಬೆಂಚಿನಲ್ಲಿ ಕೂತವರನ್ನು ಊಟಕ್ಕೆ ಕೂಗು ಅನ್ನುತ್ತಾರೆ. ಯಾರು ಯಾರನ್ನು ಏನಂತ ಕೂಗುತ್ತಾರೆ, ಯಾರು ಕೂಗಿದರೆ ಯಾರು ಥಟ್ಟನೆ ತಿರುಗುತ್ತಾರೆ, ಅದನ್ನು ನೋಡಿಯೇ ಬರೆಯುವುದು. ಕೇಳಿದರೆ ಜನ ಕಚೇರಿಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ, ಊಟಕ್ಕೆ ಕೂಗುವಾಗ ಮಾತ್ರ ಯಾರೂ ನಾಟಕ ಮಾಡುವುದಿಲ್ಲ ಎಂಬುದು ಅವರ ಅನುಭವ. ಒಮ್ಮೆ ಒಂದು ದೊಡ್ಡ ಸಂಸಾರ ಎಷ್ಟು ಜೋರಾಗಿ ಕೂಗಿತೆಂದರೆ ಎರಡು ಬೀದಿಯಾಚೆಯ ಶಾಲೆಯಲ್ಲಿ ಮಕ್ಕಳು ಊಟದ ಡಬ್ಬಿ ತೆಗೆದುಬಿಟ್ಟರಂತೆ. ಇದು ಪೆನ್ನಕ್ಕನೇ ಹೇಳುವ ಕತೆ. ನಿಜವೋ ಸುಳ್ಳೋ ಆ ಮಕ್ಕಳನ್ನೇ ಕೇಳಬೇಕು.

ಪೆನ್ನಕ್ಕ ಕೂಡ ಒಂದು ಕಾಲಕ್ಕೆ ಇದೇ ಗೇಟಿನ ಮುಂದೆ ನಿಂತವರು. ಗಂಡ ಲಿಫ್ಟ್ ರಿಪೇರಿ ಕೆಲಸಕ್ಕೆಂದು ಮೊದಲು ಬಂದ, ಹಿಂದಿನಿಂದ ಇವರು ಬಂದರು. ಕಿಟಕಿಯಲ್ಲಿ ಎರಡನೇ ಖಾನೆ ತುಂಬಿ ಎಂದಾಗ, ಮೊದಲನೆಯದು ಸರಿಯಾಗಿ ಕಾಣಲಿಲ್ಲವೇನೋ ಎಂದುಕೊಂಡು ಅದೇ ಹೆಸರನ್ನು ಇನ್ನೊಮ್ಮೆ, ಇನ್ನೂ ದಪ್ಪಗೆ ಬರೆದರು. ಅಂದಿನಿಂದ ಕಾಗದದಲ್ಲಿ ಅವರ ಹೆಸರು ಎರಡೆರಡು ಸಲ ಇದೆ. ಬ್ಯಾಂಕಿನವರು ಫೋನು ಮಾಡಿದಾಗ ಎರಡು ಸಲ ಕರೆಯುತ್ತಾರೆ.

"ನಮ್ಮ ಮನೆಯವರು ನಗ್ತಾರೆ. ನಾನು ಮೊದಲನೇ ಸಲ ಕೂಗಿದಾಗ ನೀನು ಯಾವತ್ತು ಕೇಳಿಸಿಕೊಂಡಿದ್ದೀಯ, ಸರ್ಕಾರಕ್ಕೆ ಅದು ಗೊತ್ತಾಗಿದೆ ಅಂತಾರೆ."

ಆ ದಿನಗಳಲ್ಲಿ ಇವರು ಬರೀ ಸೂಜಿಯಕ್ಕ. ಪ್ಯಾಂಟಿನ ಕಾಲು ಕತ್ತರಿಸುವುದು, ಜಿಪ್ಪು ಬದಲಿಸುವುದು, ಗುಂಡಿ ಹಾಕುವುದು. ಒಂದು ದಿನ ಹೋಟೆಲಿನ ಅಡುಗೆಯವನೊಬ್ಬ ಕೋಟಿನ ಗುಂಡಿ ಹಾಕಿಸಲು ಬಂದ. ಮರುದಿನ ಅವನಿಗೆ ಸಂದರ್ಶನ. ಕೋಟಿನ ಜೇಬಿನಲ್ಲಿ ಮತ್ತೆ ಮತ್ತೆ ವಾಪಸಾದ ಅರ್ಜಿ. ಅದನ್ನು ತೆಗೆದು ಮಷಿನ್ನಿನ ಮೇಲೆ ಹರಡಿದ. ಸೂಜಿಯಕ್ಕನಿಗೆ ಅರ್ಜಿ ಪೂರ್ತಿ ಓದಲು ಬರುತ್ತಿರಲಿಲ್ಲ. ಖಾಲಿ ಖಾನೆ ಯಾವುದೆಂದು ಮಾತ್ರ ಕಣ್ಣಿಗೆ ಬಿತ್ತು. ಬಟ್ಟೆಗೆ ಗೀಟು ಹಾಕುವ ಚಾಕ್ ತೆಗೆದು ಅಲ್ಲಿ ಗುರುತು ಮಾಡಿದರು. "ಅಪ್ಪನ ಹೆಸರು ಇಲ್ಲಿ ಹಾಕು ಅಣ್ಣ. ಗುಂಡಿ ಇರೋ ಜಾಗ ಇದೇ," ಅಂದರು. ಅರ್ಜಿ ಪಾಸಾಯಿತು. ಅಡುಗೆಯವನು ಮುಂದಿನ ವಾರ ತನ್ನ ಹೋಟೆಲಿನ ತಟ್ಟೆ ತೊಳೆಯುವವನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರನ್ನೂ ಕರೆತಂದ.

ಆಮೇಲೆ ಸಂಜೆ ಶಾಲೆ. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಇಲ್ಲಿಯ ಅಕ್ಷರ ಕಲಿತರು. ಫುಟ್‌ಪಾತಿಗೆ ಬೆಂಚು ಹಾಕಿದ್ದಕ್ಕೆ ನಗರಸಭೆಯವರು ಅದನ್ನು ಗಾಡಿಗೆ ಹೇರಿಕೊಂಡು ಹೋದರು; ಪೆನ್ನಕ್ಕ ಹಿಂದೆಯೇ ನಡೆದುಹೋಗಿ ಬಿಡಿಸಿಕೊಂಡು ಬಂದರು. ಮತ್ತೆ ಒಯ್ದರು, ಮತ್ತೆ ತಂದರು. ಆ ಹೋಗಿಬರುವ ಗಲಾಟೆಯಲ್ಲೇ ಕಾಲು ಗಿಡ್ಡವಾದದ್ದು. ಕೊನೆಗೆ ಗಾಡಿ ಓಡಿಸುವವನೇ ತನ್ನ ಅತ್ತಿಗೆಯ ಅರ್ಜಿ ಹಿಡಿದುಕೊಂಡು ಬಂದು ಅದೇ ಬೆಂಚಿನಲ್ಲಿ ಕೂತ. ಅಲ್ಲಿಗೆ ಬೆಂಚಿನ ಸವಾರಿ ಮುಗಿಯಿತು. ಈಗ ದಿನಕ್ಕೆ ಹತ್ತು ಹದಿನೈದು ಸಂಸಾರ ಬಂದು ಕೂರುತ್ತದೆ, ಹಬ್ಬದ ಬಸ್ಸಿನ ಹಾಗೆ ಒತ್ತಿಕೊಂಡು. ಮಧ್ಯಾಹ್ನ ಕಚೇರಿ ಮುಚ್ಚಿದ ಮೇಲೆ ಹಲಗೆ ತೆಗೆದು ಮತ್ತೆ ಹೊಲಿಗೆ.

ಬ್ರೆಡ್ಡಣ್ಣನ ಸಂಸಾರ ಬರುತ್ತಿದೆ. ಮುಂದೆ ಎಂಟು ವರ್ಷದ ಪುಟ್ಟಿ ಕುಣಿಯುತ್ತ. ಅವಳ ಹಿಂದೆ ಅಜ್ಜಿ, ಕೈಯಲ್ಲಿ ಬಟ್ಟೆಗಂಟು. ಅಜ್ಜಿಯ ತೋಳು ಹಿಡಿದುಕೊಂಡು ಸೊಸೆ, ಆರು ತಿಂಗಳ ಬಸುರಿ. ಕೊನೆಯಲ್ಲಿ ಏದುಸಿರು ಬಿಡುತ್ತ ಬ್ರೆಡ್ಡಣ್ಣ.

"ಗಂಟು ಯಾಕಜ್ಜಿ?" ಪೆನ್ನಕ್ಕ ಕೇಳುತ್ತಾರೆ.

"ಹೋಗು ಅಂದ್ರೆ ಹಾಗೇ ಹೋಗೋದಕ್ಕೆ. ವಿಮಾನದಲ್ಲಿ ಊಟ ಪುಕ್ಕಟೆ ಕೊಡ್ತಾರಂತೆ," ಅಜ್ಜಿ ಜೋರಾಗಿಯೇ ಹೇಳುತ್ತಾರೆ. ಆದರೆ ಬೆರಳುಗಳು ಗಂಟನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿವೆ. ಪೆನ್ನಕ್ಕ ಅದನ್ನು ನೋಡುತ್ತಾರೆ. ಟೈಲರಿಗೆ ಕೈ ನೋಡುವುದು ಅಭ್ಯಾಸ.

ನಾಲ್ವರೂ ಬೆಂಚಿನ ಮೇಲೆ ಕೂರುತ್ತಾರೆ. ಬೆಂಚು ಕುಂಯ್ ಎನ್ನುತ್ತದೆ. ಜಾಗ ಸಾಲದೆ ಪುಟ್ಟಿ ಅಪ್ಪನ ತೊಡೆಯೇರುತ್ತಾಳೆ.

"ಸರಿ ತಮ್ಮ. ನಿನ್ನ ಗುಟ್ಟು ಈಗ ಹೇಳು."

ಬ್ರೆಡ್ಡಣ್ಣ ಗಂಟಲು ಸರಿಮಾಡಿಕೊಳ್ಳುತ್ತಾನೆ. "ನಮ್ಮಪ್ಪನ ಹೆಸರು ನನ್ನ ಸರ್‌ನೇಮು ಆಗಿತ್ತಲ್ಲ, ಅದನ್ನ ತೆಗೆಸಿಬಿಟ್ಟೆ. ಇವಳ ಸರ್‌ನೇಮೇ ನಾನೂ ಹಾಕ್ಕೊಂಡೆ. ಅಂದ್ರೆ ನಮ್ಮ ಮಾವನ ಹೆಸರು. ಇವಳು ತವರು ಬಿಟ್ಟು ನನ್ನ ಹಿಂದೆ ಇಷ್ಟು ದೂರ ಬಂದಳು. ಹೆಸರಾದ್ರೂ ನಾನು ಅವಳ ಹಿಂದೆ ಹೋಗೋಣ ಅನ್ನಿಸ್ತು."

ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಸಂತೋಷಕ್ಕೆ ಎಂದು ಬ್ರೆಡ್ಡಣ್ಣ ತಿಳಿಯುತ್ತಾನೆ. ಆಮೇಲೆ ಅವಳು ಚೀಲದಿಂದ ತನ್ನದೊಂದು ಕಾಗದ ತೆಗೆಯುತ್ತಾಳೆ.

"ರೀ, ನಾನು ನಮ್ಮಪ್ಪನ ಹೆಸರು ತೆಗೆಸಿಬಿಟ್ಟೆ!"

"ಏನಂದೆ?"

"ಕಷ್ಟ ಬಂದಿರೋದು ಅತ್ತೆಗೆ ತಾನೆ? ಅವರ ಜೊತೆ ನಾನು ಹೊಂದಿಕೊಂಡ್ರೆ ಅವರನ್ನ ಯಾರೂ ಕಳಿಸೋ ಹಾಗಿಲ್ಲ ಅಂತ ಅತ್ತೆ ಹೆಸರನ್ನೇ ಸರ್‌ನೇಮು ಮಾಡ್ಕೊಂಡೆ. ಅವರದ್ದು ಒಂದೇ ಹೆಸರು ಎರಡು ಖಾನೆಯಲ್ಲೂ ಇತ್ತಲ್ಲ, ಅದು."

ಇಬ್ಬರೂ ನಿಧಾನಕ್ಕೆ ಅಜ್ಜಿಯ ಕಡೆ ತಿರುಗುತ್ತಾರೆ. ಅಜ್ಜಿ ಎದುರಿನ ಕಟ್ಟಡದ ಮೇಲಿನ ಪಾರಿವಾಳಗಳನ್ನು ಎಣಿಸುವವರ ಹಾಗೆ ಕೂತಿದ್ದಾರೆ.

"ಅಮ್ಮಾ?"

"ಏನು?"

"ನೀನೂನಾ?"

"ನಾನೇನು ಮಾಡಲಿ?" ಅಜ್ಜಿ ಸಿಡುಕುತ್ತಾರೆ. "ಚಿಕ್ಕ ವಯಸ್ಸಿನವರು ನೀವು, ಕೆಲಸ ಕಾರ್ಯ ಬಿಟ್ಟು ನನಗೋಸ್ಕರ ಯಾಕೆ ಅಲೀಬೇಕು? ನನ್ನದೇ ಬದಲಾಯಿಸಿದ್ರಾಯ್ತು ಅಂತ ಪಕ್ಕದ ಮನೆಯವಳನ್ನ ಕರಕೊಂಡು ಹೋಗಿ ಬರೆಸಿಬಂದೆ. ನಿನ್ನ ಸರ್‌ನೇಮು ಏನಿತ್ತೋ ಅದು. ನಿಮ್ಮಪ್ಪನ ಹೆಸರು. ಆತ ಬದುಕಿದ್ದಾಗ ಒಂದು ಸೀರೆಯನ್ನೂ ತಾನಾಗಿ ತಂದುಕೊಡಲಿಲ್ಲ, ಹೆಸರಾದ್ರೂ ನನ್ನ ಉಪಯೋಗಕ್ಕೆ ಬರಲಿ ಅಂದ್ಕೊಂಡೆ."

ಕಚೇರಿಯ ಗೇಟು ತೆರೆಯುವ ಸದ್ದಾಗುತ್ತದೆ. ಮೂವರೂ ಇನ್ನೊಬ್ಬರ ಹಳೇ ಸರ್‌ನೇಮಿಗೆ ಹಾರಿದ್ದಾರೆ, ಮತ್ತೆ ನಾಲ್ವರಿಗೂ ನಾಲ್ಕು ಸರ್‌ನೇಮು.

"ನಾನೇನೂ ಮಾಡಿಲ್ಲಪ್ಪ!" ಪುಟ್ಟಿ ಎರಡು ಕೈ ಎತ್ತುತ್ತಾಳೆ. ಅವಳ ಸರ್‌ನೇಮು ಹುಟ್ಟಿದಾಗಿನಿಂದ ಅಪ್ಪ ಬ್ರೆಡ್ಡಣ್ಣನ ಸ್ವಂತ ಹೆಸರು, ಈಗಲೂ ಅದೇ.

ಮೊದಲು ನಗುವುದು ಅಜ್ಜಿ. ಆಮೇಲೆ ಸೊಸೆ, ಹೊಟ್ಟೆ ಹಿಡಿದುಕೊಂಡು. ಬ್ರೆಡ್ಡಣ್ಣ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. "ಅಕ್ಕಾ, ಎಲ್ಲ ಕೆಡ್ತಲ್ಲ. ಅಮ್ಮನ್ನ ಕಳಿಸಿಬಿಡ್ತಾರಲ್ಲ."

ಪೆನ್ನಕ್ಕ ನಗುವುದೂ ಇಲ್ಲ, ಬೈಯುವುದೂ ಇಲ್ಲ. ಹಲಗೆಯ ಮೇಲೆ ನಾಲ್ಕು ಕಾಗದಗಳನ್ನು ಅಂಗಿಯ ತುಂಡುಗಳ ಹಾಗೆ ಹರಡುತ್ತಾರೆ. ಒಂದು ತಿರುಗಿಸುತ್ತಾರೆ, ಇನ್ನೊಂದು ಪಕ್ಕಕ್ಕೆ ಸರಿಸುತ್ತಾರೆ. ಗೋಡೆಯಿಂದ ಕೆಂಪು ದಾರದ ರೀಲು ತೆಗೆದು ಸೂಜಿಗೆ ಪೋಣಿಸುತ್ತಾರೆ.

"ತಮ್ಮ, ಈಗ ನಿನ್ನ ಕಾಗದದಲ್ಲಿ ಯಾರ ಕಡೆಯ ಹೆಸರಿದೆ?"

"ಇವಳ ಕಡೇದು."

ಬ್ರೆಡ್ಡಣ್ಣನ ಕಾಗದದ ಮೂಲೆಯಿಂದ ಹೆಂಡತಿಯ ಕಾಗದಕ್ಕೆ ಒಂದು ಹೊಲಿಗೆ ಬೀಳುತ್ತದೆ.

"ತಂಗಿ, ನಿನ್ನದರಲ್ಲಿ?"

"ಅತ್ತೆದು."

ಅಲ್ಲಿಂದ ಅಜ್ಜಿಯ ಕಾಗದಕ್ಕೆ ಇನ್ನೊಂದು.

"ಅಜ್ಜಿದು, ಮಗನ ಹಳೇ ಸರ್‌ನೇಮು. ಪುಟ್ಟಿದು, ಅಪ್ಪನ ಹೆಸರು." ದಾರ ಅಜ್ಜಿಯಿಂದ ಬ್ರೆಡ್ಡಣ್ಣನಿಗೆ ವಾಪಸು ಬರುತ್ತದೆ, ಪುಟ್ಟಿಯಿಂದಲೂ ಅಲ್ಲಿಗೇ. ಪೆನ್ನಕ್ಕ ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡುತ್ತಾರೆ. "ನೋಡಿ. ದಾರ ಎಲ್ಲೂ ಹೊರಗೆ ಹೋಗಲಿಲ್ಲ. ಎದ್ದೇಳಿ, ಸಾಲಿಗೆ ನಡೀರಿ."

ಮೂರನೇ ಕಿಟಕಿಯ ಮೇಡಂಗೆ ಕನ್ನಡಕ ಹಣೆಯ ಮೇಲೆ ಇಟ್ಟುಕೊಂಡು ಮೇಜಿನ ಮೇಲೆ ಹುಡುಕುವ ಅಭ್ಯಾಸ. ಇವತ್ತೂ ಹುಡುಕಿ, ಸಿಕ್ಕ ಮೇಲೆ ಕಾಗದ ಎತ್ತುತ್ತಾರೆ. ಒಂದನ್ನು ಎತ್ತಿದರೆ ನಾಲ್ಕೂ ಬರುತ್ತವೆ.

"ಇದೇನಿದು? ಹೊಲಿದಿದ್ದೀರಾ?"

"ಪಿನ್ನು ಇರಲಿಲ್ಲ ಮೇಡಂ," ಪೆನ್ನಕ್ಕ ಹೇಳುತ್ತಾರೆ.

ಮೇಡಂ ಓದುತ್ತಾರೆ. ಓದುತ್ತ ಓದುತ್ತ ಹುಬ್ಬು ಕೂದಲಿನ ತನಕ ಏರುತ್ತದೆ. "ಹೊಂದಿಸಿಕೊಂಡು ಬನ್ನಿ ಅಂದೆ. ಇವರು ಇನ್ನೂ ಕಲಸಿಕೊಂಡು ಬಂದಿದ್ದಾರೆ. ಮೊದಲೂ ನಾಲ್ಕು, ಈಗಲೂ ನಾಲ್ಕು!"

"ಹೌದು ಮೇಡಂ. ಇವರು ಮೂರು ಜನ ಒಬ್ಬರಿಗೊಬ್ಬರು ಹೇಳದೆ ಹೋಗಿ ಬರೆಸಿದ್ದಾರೆ. ಅವನು ಹೆಂಡತಿಗೋಸ್ಕರ, ಅವಳು ಅತ್ತೆಗೋಸ್ಕರ, ಅಜ್ಜಿ ಮಗನಿಗೋಸ್ಕರ. ದಾರ ಹಿಡಿದು ಹೋಗಿ ನೋಡಿ. ಹೊರಗಿನವರು ಒಬ್ಬರ ಹೆಸರೂ ಇಲ್ಲ. ಸಂಬಂಧ ಇಲ್ಲದವರು ಯಾರಾದ್ರೂ ಹೀಗೆ ಕೆಡಿಸಿಕೊಳ್ತಾರಾ ಮೇಡಂ? ಇಷ್ಟು ಚೆನ್ನಾಗಿ ಕೆಡಿಸೋದಕ್ಕೆ ಒಂದೇ ಮನೆಯವರೇ ಆಗಿರಬೇಕು."

ಮೇಡಂ ಬೆರಳನ್ನು ಕೆಂಪು ದಾರದ ಮೇಲೆ ಓಡಿಸುತ್ತಾರೆ. ಬ್ರೆಡ್ಡಣ್ಣನಿಂದ ಹೆಂಡತಿಗೆ, ಅಲ್ಲಿಂದ ಅಜ್ಜಿಗೆ, ಅಜ್ಜಿಯಿಂದ ಮತ್ತೆ ಬ್ರೆಡ್ಡಣ್ಣನಿಗೆ. ಅವರ ತುಟಿ ಒಂದು ಕಡೆಯಿಂದ ಸಡಿಲವಾಗುತ್ತದೆ. ಎದ್ದು ಹೋಗಿ ಒಳಗಿನ ಕೋಣೆಯಲ್ಲಿ ಸಾಹೇಬರ ಹತ್ತಿರ ಏನೋ ಹೇಳುತ್ತಾರೆ. ಗಾಜಿನಾಚೆ ಸಾಹೇಬರು ಕಾಗದ ನೋಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅಜ್ಜಿಯ ಗಂಟು ಬಿಚ್ಚುತ್ತಿದೆ, ಕಟ್ಟುತ್ತಿದೆ. ಸೊಸೆ ಆ ಕೈಯ ಮೇಲೆ ಕೈಯಿಟ್ಟು ಅದುಮುತ್ತಾಳೆ.

ಆಗ ಒಳಗಿನಿಂದ ಒಂದು ನಗು ಸಿಡಿಯುತ್ತದೆ. ಎಂಥ ನಗು! ಗಾಜು ಗಲಗಲ ಅಂತು, ಕ್ಯಾಲೆಂಡರು ಮುಂದಿನ ತಿಂಗಳಿಗೆ ಹಾರಿತು ಎಂದು ಸಾಲಿನಲ್ಲಿದ್ದವರು ಈಗಲೂ ಹೇಳುತ್ತಾರೆ.

ಮೇಡಂ ವಾಪಸು ಬಂದು ಕೂರುತ್ತಾರೆ. ಕಣ್ಣಂಚು ಒರೆಸಿಕೊಳ್ಳುತ್ತಾರೆ. "ನೋಡಿ, ಸರ್‌ನೇಮು ಒಂದೇ ಇರಬೇಕು ಅಂತ ನಿಯಮದಲ್ಲಿ ಇಲ್ಲ. ಸಂಬಂಧ ತೋರಿಸಬೇಕು ಅಂತ ಇದೆ. ಸರ್‌ನೇಮು ಒಂದೇ ಇದ್ರೆ ನನಗೆ ಬೇಗ ಆಗುತ್ತೆ ಅಂತ ಹಾಗಂದಿದ್ದೆ. ಹಳೇ ಹೆಸರು, ಹೊಸ ಹೆಸರು ಎರಡನ್ನೂ ಬರೆದು ಒಂದು ಹೇಳಿಕೆ ಕೊಡಿ, ಎಲ್ಲರೂ ಸಹಿ ಹಾಕಿ. ಅದನ್ನೂ ಇದಕ್ಕೇ..." ಮೇಡಂ ಕಾಗದ ಎತ್ತಿ ತೋರಿಸುತ್ತಾರೆ, "ಇದಕ್ಕೇ ಹೊಲಿದು ಕೊಟ್ಟುಬಿಡಿ. ಅಜ್ಜಿ ಇಲ್ಲೇ ಇರಲಿ."

ಪೆನ್ನಕ್ಕ ಅಲ್ಲೇ ಹೇಳಿಕೆ ಬರೆದು, ಸಹಿ ಹಾಕಿಸಿ, ಹೊಲಿದು ಕೊಡುತ್ತಾರೆ. ಸೀಲು ಬೀಳುತ್ತದೆ.

ಅಜ್ಜಿ ಕಿಟಕಿಯೊಳಕ್ಕೆ ತಲೆ ತೂರಿಸುತ್ತಾರೆ. "ಹಾಗಾದ್ರೆ ನನ್ನ ಹಳೇ ಹೆಸರೇ ವಾಪಸ್ ಕೊಡಮ್ಮ. ಆತನ ಹೆಸರು ಹೊತ್ಕೊಂಡು ತಿರುಗೋದು ನನ್ನಿಂದ ಆಗಲ್ಲ, ಆತನ ಹಾಗೇ ಭಾರ."

"ಮುಂದಿನ ವರ್ಷ ನೋಡೋಣ ಅಜ್ಜಿ. ಈಗ ಯಾರೂ, ಯಾರೂ ಏನೂ ಬದಲಾಯಿಸಬೇಡಿ," ಮೇಡಂ ಕೈ ಮುಗಿಯುತ್ತಾರೆ.

ಬಿಸಿಲು ಏರಿದೆ. ನಾಲ್ವರೂ ಮತ್ತೆ ಬೆಂಚಿಗೆ ಬಂದು, ಬೆಳಿಗ್ಗೆಯ ಬ್ರೆಡ್ಡನ್ನು ಹರಿದು ಹರಿದು ತಿನ್ನುತ್ತಿದ್ದಾರೆ. ಅಜ್ಜಿಯ ಗಂಟು ಬಿಚ್ಚಿಕೊಂಡಿದೆ. ಅದರಲ್ಲಿದ್ದದ್ದು ಒಂದು ಹೊದಿಕೆ, ಪುಟ್ಟಿಯ ಹಳೇ ಅಂಗಿಯೊಂದು, ಅಷ್ಟೇ. ಆ ಅಂಗಿಯನ್ನು ಹುಟ್ಟುವ ಕೂಸಿಗೆ ಚಿಕ್ಕದು ಮಾಡಿಕೊಡು ಎಂದು ಪೆನ್ನಕ್ಕನ ಕೈಗೆ ಕೊಡುತ್ತಾರೆ.

"ಕೂಸಿನ ಸರ್‌ನೇಮು ಏನು ಹಾಕೋದು ಅಕ್ಕ?" ಬ್ರೆಡ್ಡಣ್ಣನಿಗೆ ಈಗಲೇ ಚಿಂತೆ.

"ಗೋಡೆ ಹತ್ತಿರದವರ ಬಳಿ ಮಾತ್ರ ಹೋಗಬೇಡ. ಎಲ್ಲರೂ ಬನ್ನಿ, ಕೂಸನ್ನೂ ಕರಕೊಂಡು ಬನ್ನಿ. ಅದು ಯಾರು ಕೂಗಿದ್ರೆ ತಿರುಗುತ್ತೋ ನೋಡಿ ಬರೆಯೋಣ."

ಅವರು ಹೊರಟ ಮೇಲೆ ಮುಂದಿನ ಸಂಸಾರ ಬಂದು ಕೂರುತ್ತದೆ: ಅಣ್ಣತಮ್ಮಂದಿರು, ಅವರ ಹೆಂಡಿರು, ಒಬ್ಬ ಚಿಕ್ಕಪ್ಪ, ತೊಡೆಗಳ ಮೇಲೆ ಮಕ್ಕಳು. ಜಾಗ ಸಾಲದೆ ಚಿಕ್ಕಪ್ಪ ನಿಂತೇ ಇದ್ದಾರೆ. ರಟ್ಟಿನ ತುಂಡು ಜಾರುತ್ತದೆ. ಪೆನ್ನಕ್ಕ ಬಗ್ಗಿ ಅದನ್ನು ಮತ್ತೆ ಕಾಲಿನ ಕೆಳಗೆ ತಳ್ಳುತ್ತಾರೆ.

ಏನಾದರೂ ಆಸೆ ಇದೆಯಾ ಎಂದರೆ ಪೆನ್ನಕ್ಕ ತುರುಬಿನಿಂದ ಪೆನ್ನು ತೆಗೆಯುತ್ತ ಸ್ವಲ್ಪ ಯೋಚಿಸುತ್ತಾರೆ. ಆಮೇಲೆ ಟೇಪು ಬಿಚ್ಚಿ ಬೆಂಚಿನ ಉದ್ದ ಅಳೆಯುತ್ತಾರೆ.

"ಇನ್ನೊಂದು ಮೊಳ ಉದ್ದ ಇದ್ದಿದ್ರೆ ಚೆನ್ನಾಗಿತ್ತು. ಒಬ್ಬೊಬ್ಬರೇ ಬಂದ್ರೆ ಕೆಲಸ ಕೆಡುತ್ತೆ, ಎಲ್ಲರೂ ಬಂದ್ರೆ ಬೆಂಚು ಸಾಲಲ್ಲ. ಬೆಂಚು ಸಾಲದೇ ಇರೋದೇ ವಾಸಿ ಬಿಡಿ," ಎಂದು ನಕ್ಕು, ನಿಂತಿದ್ದ ಚಿಕ್ಕಪ್ಪನಿಗೆ ತಮ್ಮ ಸ್ಟೂಲನ್ನು ಹೊರಗೆ ತಳ್ಳುತ್ತಾರೆ.